ಬೆನ್ನಿಗೊಂದು ಸ್ಪ್ರಿಂಗ್

ಎಕ್ಸೊಸ್ಕೆಲಿಟನ್ ಎಂದರೆ ಬಟ್ಟೆಯ ಮೇಲೆ ತೊಡುವ ಹೊರಗಿನ ಅಸ್ಥಿಪಂಜರ. ಬೆನ್ನಿಗೆಂದೇ ಮಾಡಿದ ಸರಳ ಮಾದರಿಗಳಲ್ಲಿ ಮೋಟಾರೂ ಇಲ್ಲ, ಬ್ಯಾಟರಿಯೂ ಇಲ್ಲ. ಇರುವುದು ಸ್ಪ್ರಿಂಗ್ ಇಲ್ಲವೇ ಹಿಗ್ಗುವ ಪಟ್ಟಿ. ಹೆಗಲಿನಿಂದ ತೊಡೆಯವರೆಗೆ ಇಳಿಯುವ ಈ ಪಟ್ಟಿ ಬಗ್ಗಿದಾಗ ಬಿಗಿಯಾಗುತ್ತದೆ. ಏಳುವಾಗ ಆ ಬಿಗಿತವೇ ಮೈಯನ್ನು ಮೇಲಕ್ಕೆಳೆಯುತ್ತದೆ. ಸೊಂಟದ ಸ್ನಾಯುಗಳಿಗೆ ಅಷ್ಟರಮಟ್ಟಿಗೆ ದುಡಿಮೆ ಉಳಿಯಿತು. ಪ್ರಯೋಗಾಲಯದ ಅಳತೆಗಳಲ್ಲಿ ಈ ದುಡಿಮೆ ಶೇ. 10ರಿಂದ 40ರವರೆಗೆ ತಗ್ಗಿದ್ದುಂಟು. ಆದರೆ ಸ್ನಾಯುವಿನ ಶ್ರಮ ಇಳಿಯುವುದೇ ಬೇರೆ, ವರ್ಷಗಟ್ಟಲೆ ಬೆನ್ನು ಗಟ್ಟಿಯಾಗಿರುವುದೇ ಬೇರೆ.

ಔಷಧದಂಗಡಿಯ ಸೊಂಟದ ಬೆಲ್ಟು ಇದಲ್ಲ. ಅದು ಬಿಗಿಯುತ್ತದೆಯೇ ಹೊರತು ಎತ್ತುವುದಿಲ್ಲ. ಬೆನ್ನಿಗೆ ಪೆಟ್ಟಾಗದವರಿಗೆ ಮುನ್ನೆಚ್ಚರಿಕೆಯೆಂದು ಅದನ್ನು ಶಿಫಾರಸು ಮಾಡುವುದಿಲ್ಲವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ-ಆರೋಗ್ಯ ಸಂಸ್ಥೆ ನಿಯೋಷ್ 1994ರಲ್ಲೇ ಹೇಳಿತ್ತು. ಅದೇ ಸಂಸ್ಥೆಯ 1991ರ ಸೂತ್ರದಂತೆ, ಎಲ್ಲ ಅನುಕೂಲವಿದ್ದಾಗಲೂ ಎತ್ತಬಹುದಾದ ಭಾರದ ಮಿತಿ 23 ಕೆ.ಜಿ. ಇಲ್ಲಿ ಹಮಾಲರ ಬೆನ್ನೇರುವ ಸಿಮೆಂಟ್ ಚೀಲ 50 ಕೆ.ಜಿ.! ಯಾವ ಸ್ಪ್ರಿಂಗೂ ಆ ಅಂತರವನ್ನು ತುಂಬದು.

ಹಾಗಾಗಿ ಮೊದಲು ತಳ್ಳುಗಾಡಿ, ಸೊಂಟದೆತ್ತರದ ಕಟ್ಟೆ. ಆಮೇಲೆ ಈ ಕವಚ. ಕೊಳ್ಳುವ ಮುನ್ನ ಕೆಲಸಗಾರರೇ ಕೆಲವು ದಿನ ತೊಟ್ಟು ದುಡಿದು, ತೊಡೆಗೆ ಒತ್ತುತ್ತದೆಯೇ, ಸೆಖೆಯಲ್ಲಿ ತಡೆದುಕೊಳ್ಳಲಾದೀತೇ ಎಂದು ನೋಡಲಿ.