ಬರಿದಾದ ಡಬ್ಬಿ, ಮರೆತ ಮೂಟೆ: ಗ್ರಾಮದಲ್ಲಿ ಉಳಿದ ವಿಷಗಳ ಅಪಾಯವನ್ನು ಅಳೆಯುವ ಬಗೆ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ.)

ಬೆಳೆಗೆ ಹುಳು ಬಿದ್ದಾಗ ಅಂಗಡಿಯಿಂದ ತರುವ ಪದಾರ್ಥವನ್ನು ನಮ್ಮ ರೈತರು ವಾಡಿಕೆಯಲ್ಲಿ "ಔಷಧ" ಎಂದು ಕರೆಯುವರು. ಇಲಾಖೆಯವರಾದ ನಾವೂ ಹಾಗೆಯೇ ಕರೆದು ರೂಢಿಮಾಡಿದ್ದೇವೆ. ಈ ಹೆಸರಿನಿಂದ ಒಂದು ಕೆಡುಕಾಗಿದೆ. ಔಷಧದ ಸೀಸೆ ಬರಿದಾದ ಮೇಲೆ ಅದಕ್ಕೆ ಹೆದರುವವರು ಯಾರು? ಮೊದಲಿನಿಂದಲೂ ವಿಷವೆಂದೇ ಕರೆದಿದ್ದರೆ ಅದರ ಡಬ್ಬಿಯನ್ನು ತೊಳೆದು ಅಡಿಗೆಮನೆಗೆ ಒಯ್ಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ನನ್ನ ಸರ್ಕೀಟಿನಲ್ಲಿ ಒಂದು ಗ್ರಾಮಕ್ಕೆ ಹೋಗಿದ್ದಾಗ ಅಲ್ಲಿಯ ಮುಖಂಡರು ನನ್ನನ್ನು ತಮ್ಮ ಹಳೆಯ ಉಗ್ರಾಣಕ್ಕೆ ಕರೆದೊಯ್ದು, ಅಟ್ಟದ ಮೂಲೆಯಲ್ಲಿದ್ದ ಒಂದು ಮೂಟೆಯನ್ನು ತೋರಿಸಿದರು. ಅದು ಅವರ ತಂದೆಯ ಕಾಲದ ಬಿ.ಎಚ್.ಸಿ. ಪುಡಿ. "ಇದರಿಂದ ಏನಾಗುವುದೋ ಎಂದು ನನಗೆ ದಿಗಿಲು" ಎಂದರು. ಅವರ ದಿಗಿಲು ನ್ಯಾಯವಾದದ್ದೇ. ಆದರೆ ಹಿಂದಿರುಗುವಾಗ ಅವರ ಬಾವಿಕಟ್ಟೆಯ ಮೇಲೆ ಒಂದು ಲೀಟರಿನ ಪ್ಲಾಸ್ಟಿಕ್ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದುದನ್ನು ಕಂಡೆನು. ಅರ್ಧ ಹರಿದ ಚೀಟಿಯಲ್ಲಿ ಮಾನೋಕ್ರೋಟೋಫಾಸ್ ಎಂಬ ಹೆಸರೂ ಕೆಂಪು ಗುರುತೂ ಇನ್ನೂ ಉಳಿದಿದ್ದವು. ವಿಚಾರಿಸಲಾಗಿ, ಗಾಣದ ಕಡಲೆಕಾಯಿ ಎಣ್ಣೆಯನ್ನು ತುಂಬಿಡಲು ಇಟ್ಟಿದ್ದಾರೆಂದು ತಿಳಿಯಿತು. ಆ ದಿನ ಆ ಮನೆಗೆ ಮೂಟೆಗಿಂತ ಡಬ್ಬಿಯೇ ದೊಡ್ಡ ಅಪಾಯವೆಂದು ನಾನು ಹೇಳಿದಾಗ ಮುಖಂಡರು ನಂಬಲಿಲ್ಲ. ಲೆಕ್ಕ ಮಾಡಿ ತೋರಿಸಬೇಕಾಯಿತು. ಅದೇ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ.

ಆ ದ್ರಾವಣದಲ್ಲಿ ವಿಷದ ಅಂಶವು ನೂರಕ್ಕೆ 36, ಎಂದರೆ ಒಂದು ಮಿಲಿಲೀಟರಿನಲ್ಲಿ 360 ಮಿಲಿಗ್ರಾಂ. ಡಬ್ಬಿಯನ್ನು ಬಗ್ಗಿಸಿ ಸುರಿದ ಮೇಲೆಯೂ ಗೋಡೆಗೆ ಅಂಟಿಕೊಂಡು 10 ಮಿಲಿಲೀಟರು ನಿಂತಿತೆಂದು ಇಟ್ಟುಕೊಳ್ಳೋಣ. ಅದರಲ್ಲಿ 3,600 ಮಿಲಿಗ್ರಾಂ ವಿಷವಿರುವುದು. ಇಲಿಗಳ ಮೇಲೆ ಮಾಡಿದ ಪರೀಕ್ಷೆಗಳಲ್ಲಿ, ದೇಹದ ತೂಕದ ಒಂದು ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗೂ ಕಡಮೆ ಪ್ರಮಾಣವೇ ಅರ್ಧದಷ್ಟು ಇಲಿಗಳನ್ನು ಕೊಂದಿದೆ. ಮನುಷ್ಯನು ಇಲಿಯಲ್ಲ, ನಿಜ. ಆದರೂ ಅಂದಾಜಿಗೆ ಇದೇ ಅಳತೆಯನ್ನು ಹಿಡಿದರೆ, 15 ಕಿಲೋ ತೂಗುವ ಮಗುವಿಗೆ 300 ಮಿಲಿಗ್ರಾಂ ಪ್ರಾಣಾಂತಿಕ. ಬರಿದೆಂದು ನಾವು ಎಸೆದ ಡಬ್ಬಿಯಲ್ಲಿ ಅದರ ಹನ್ನೆರಡು ಪಟ್ಟು ಇರುವುದು.

ಇದಕ್ಕೆ ಕಾಲು ಲೀಟರು ನೀರು ಹಾಕಿ ಕುಲುಕಿ ಚೆಲ್ಲಿದರೆ, ಮತ್ತೆ 10 ಮಿಲಿಲೀಟರು ನಿಂತಾಗ ಸುಮಾರು 140 ಮಿಲಿಗ್ರಾಂ ಉಳಿಯುವುದು. ಎರಡನೆಯ ಸಲ ತೊಳೆದರೆ 5, ಮೂರನೆಯ ಸಲಕ್ಕೆ ಮಿಲಿಗ್ರಾಮಿನ ಐದನೆಯ ಒಂದು ಪಾಲು. ಮೂರು ಸಲ ತೊಳೆಯಬೇಕೆಂದು ಇಲಾಖೆಯವರು ಒತ್ತಿ ಹೇಳುವುದು ಈ ಕಾರಣದಿಂದ. ಸುರಿದ ತತ್‌ಕ್ಷಣವೇ, ಹೊಲದಲ್ಲಿಯೇ ತೊಳೆದು, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಹಾಕತಕ್ಕದ್ದು. ಒಣಗಿ ಅಂಟಿದ ಮೇಲೆ ಈ ಲೆಕ್ಕ ನಿಲ್ಲದು. ಅಲ್ಲದೆ ಪ್ಲಾಸ್ಟಿಕ್ಕು ಸ್ವಲ್ಪ ವಿಷವನ್ನು ತನ್ನೊಳಕ್ಕೆ ಹೀರಿಕೊಂಡು, ಎಣ್ಣೆ ಹಾಕಿದಾಗ ಬಿಟ್ಟುಕೊಡಬಲ್ಲುದು. ಆದಕಾರಣ ಮೂರು ಸಲ ತೊಳೆದ ಡಬ್ಬಿಯೂ ಆಹಾರಕ್ಕಾಗಲಿ ನೀರಿಗಾಗಲಿ ಸಲ್ಲದು.

ಇದು ಬರಿಯ ಕಾಗದದ ಲೆಕ್ಕವಲ್ಲ. 2013ನೆಯ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ 23 ಮಂದಿ ಮೃತಪಟ್ಟರು. ಅಡಿಗೆಯ ಎಣ್ಣೆಯಲ್ಲಿಯೂ ಅದನ್ನು ಇಟ್ಟಿದ್ದ ಪಾತ್ರೆಯಲ್ಲಿಯೂ ಇದೇ ಮಾನೋಕ್ರೋಟೋಫಾಸ್ ಇದ್ದುದು ಪ್ರಯೋಗಾಲಯದ ಪರೀಕ್ಷೆಯಿಂದ ಹೊರಬಿತ್ತು. ಅದಕ್ಕೂ ಬಹು ಹಿಂದೆ, 1958ರಲ್ಲಿ, ಹಡಗಿನಲ್ಲಿ ಆಹಾರಪದಾರ್ಥಗಳ ಜೊತೆಯಲ್ಲಿ ಬಂದ ಪ್ಯಾರಾಥಿಯಾನ್ ಸೋರಿ ಹಿಟ್ಟಿಗೆ ಬೆರೆತು, ಕೇರಳದ ಕಡೆ ನೂರಕ್ಕೂ ಹೆಚ್ಚು ಮಂದಿ ಸತ್ತಿದ್ದರು. 1968ರ ಕೀಟನಾಶಕಗಳ ಕಾಯಿದೆಯು ಹುಟ್ಟಿದ್ದಕ್ಕೆ ಆ ದುರಂತವೂ ಒಂದು ಕಾರಣ.

ಇನ್ನು ಅಟ್ಟದ ಮೂಟೆಯ ಮಾತು. ಡಬ್ಬಿಯ ಮೇಲಿನ ವಜ್ರಾಕಾರದ ಗುರುತಿನ ಕೆಳಭಾಗದಲ್ಲಿ ಕೆಂಪು, ಹಳದಿ, ನೀಲಿ, ಹಸುರು ಎಂಬ ನಾಲ್ಕು ಬಣ್ಣಗಳಲ್ಲೊಂದು ಇರುವುದನ್ನು ತಾವು ನೋಡಿರಬಹುದು. ಕೆಂಪು ಅತ್ಯಂತ ಉಗ್ರ, ಹಸುರು ಅತ್ಯಲ್ಪ. ಆದರೆ ಈ ಬಣ್ಣವು ನುಂಗಿದವನು ಅಥವಾ ಮೈಗೆ ತಗುಲಿಸಿಕೊಂಡವನು ಎಷ್ಟು ಬೇಗ ಬೀಳುವನೆಂಬುದನ್ನು ಮಾತ್ರ ಹೇಳುವುದು. ವಿಷವು ಮಣ್ಣಿನಲ್ಲಿ ಎಷ್ಟು ವರ್ಷ ನಿಲ್ಲುವುದು, ಹುಲ್ಲಿನಿಂದ ಹಸುವಿಗೂ ಹಸುವಿನಿಂದ ಹಾಲಿಗೂ ಹೋಗುವುದೋ ಇಲ್ಲವೋ, ಇದನ್ನು ಬಣ್ಣವು ಹೇಳದು. ಬಿ.ಎಚ್.ಸಿ. ಕೆಂಪು ಗುರುತಿನಷ್ಟು ಉಗ್ರವಲ್ಲ. ಹಾಗಿದ್ದರೂ ಅದು ಕೊಳೆಯದೆ ವರ್ಷಗಟ್ಟಲೆ ಉಳಿದು, ಕೊಬ್ಬಿನಲ್ಲಿ ಶೇಖರವಾಗುವ ಸ್ವಭಾವದ್ದಾದ್ದರಿಂದ 1997ರಲ್ಲಿ ನಿಷೇಧಿಸಲ್ಪಟ್ಟಿತು. ಎಂಡೋಸಲ್ಫಾನನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಲ್ಲಿಸಿತು. ಫೋರೇಟ್ ಹರಳುಗಳ ಮಾರಾಟವು 2020ರ ಕೊನೆಗೆ ನಿಂತಿತು. ನಿಷೇಧದ ಆಜ್ಞೆ ಅಂಗಡಿಯನ್ನು ಮುಟ್ಟಿತೇ ಹೊರತು ಅಟ್ಟಗಳನ್ನು ಮುಟ್ಟಲಿಲ್ಲ.

ಹೀಗೆ ಅಪಾಯವೆಂಬುದು ವಿಷದ ಉಗ್ರತೆಯೊಂದರಿಂದಲೇ ಆಗತಕ್ಕದ್ದಲ್ಲ. ಆ ವಿಷಕ್ಕೂ ಒಂದು ಜೀವಕ್ಕೂ ನಡುವೆ ದಾರಿ ಇರಬೇಕು. ದಾರಿಯನ್ನು ಹುಡುಕಲು ಪ್ರಯೋಗಾಲಯ ಬೇಡ, ಕಣ್ಣು ಸಾಕು. ಮಳೆ ಬಂದಾಗ ಉಗ್ರಾಣದ ನೀರು ಯಾವ ಕಡೆಗೆ ಹರಿಯುವುದು? ಆ ಇಳಿಜಾರಿನಲ್ಲಿ ಬಾವಿ, ಕೊಳವೆಬಾವಿ, ಕೆರೆ ಯಾವುದಿದೆ? ಮೂಟೆ ಹರಿದಿದ್ದರೆ ಪುಡಿ ಬೀಳುವುದು ಹುಲ್ಲಿನ ಮೇಲೆಯೋ ಕಾಳಿನ ಮೇಲೆಯೋ? ಮಕ್ಕಳು ಅಲ್ಲಿ ಆಡುವರೇ? ಯಂತ್ರ ತೊಳೆದ ಗುಂಡಿಯಲ್ಲಿ ದನ ನೀರು ಕುಡಿಯುವುದೇ? ಮೇಲೆ ಹೇಳಿದ ಉಗ್ರಾಣದ ಮೂಟೆ ಆ ದಿನ ಒಣಗಿ, ಕಟ್ಟಿದಂತೆಯೇ ಇತ್ತು. ಅದಕ್ಕೆ ದಾರಿ ಇರಲಿಲ್ಲ. ಆದರೆ ಅದರ ಮೇಲಿನ ಹೆಂಚು ಒಡೆದಿತ್ತು, ಗೋಡೆಯ ಹಿಂದೆಯೇ ಬಾವಿ. ಒಂದು ಮುಂಗಾರು ಬಲವಾಗಿ ಹಿಡಿದಿದ್ದರೆ ದಾರಿ ತೆರೆಯುತ್ತಿತ್ತು. ಅಪಾಯವನ್ನು ಒಮ್ಮೆ ಅಳೆದರೆ ಸಾಲದು. ಮಳೆಗೆ ಮೊದಲು ಮತ್ತೊಮ್ಮೆ ನೋಡಬೇಕು.

ತೊಳೆದ ಡಬ್ಬಿಗೆ ತೂತು ಹೊಡೆದು, ಜಜ್ಜಿ, ಯಾರೂ ಮತ್ತೆ ಬಳಸದಂತೆ ಮಾಡತಕ್ಕದ್ದು. 1971ರ ನಿಯಮಗಳು ಇವನ್ನು ಒಡೆದು ವಸತಿಯಿಂದ ದೂರದಲ್ಲಿ ಹೂಳಬೇಕೆಂದು ಹೇಳುತ್ತವೆ. ನೀರಿನ ನೆಲೆಯಿಂದಲೂ ದೂರವಿರಲಿ. ಸುಡುವುದು ಮಾತ್ರ ಕೂಡದು. ಬೆಂಕಿಯಲ್ಲಿ ವಿಷವು ನಾಶವಾಗುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ತಿಪ್ಪೆಯ ಬೆಂಕಿಗೆ ಅಷ್ಟು ಕಾವಿರುವುದಿಲ್ಲ. ಕ್ಲೋರೀನು ಬೆರೆತ ವಿಷಗಳು ಅರೆ ಸುಟ್ಟಾಗ ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ಪದಾರ್ಥ ಹುಟ್ಟಬಹುದು.

ಹಳೆಯ ದಾಸ್ತಾನನ್ನಾದರೋ ಹೂಳಲೂಬಾರದು, ಸುಡಲೂಬಾರದು, ಕೆರೆಗೆ ಸುರಿಯಲೂಬಾರದು. ಕೈಗೆ ರಬ್ಬರ್ ಚೀಲ, ಮೂಗಿಗೆ ಮುಸುಕು ಧರಿಸಿ, ಹರಿದ ಮೂಟೆಯನ್ನು ಹಾಗೆಯೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮತ್ತೊಂದು ಚೀಲದಲ್ಲಿ ಕಟ್ಟಿ, ಸೋರದ ಕೊಠಡಿಯಲ್ಲಿ ಬೀಗ ಹಾಕಿಡಬೇಕು. ಹೆಸರು, ಅಂದಾಜು ತೂಕ, ಮೂಟೆಯ ಸ್ಥಿತಿ ಇವುಗಳನ್ನು ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯುವುದು ಒಳ್ಳೆಯದು. ಉತ್ತರ ತಡವಾದರೆ ಪುನಃ ಬರೆಯಿರಿ. ಚೀಟಿಯನ್ನು ಮಾತ್ರ ಎಂದಿಗೂ ಕೀಳಬೇಡಿರಿ. ಯಾರಾದರೂ ಅಕಸ್ಮಾತ್ ನುಂಗಿದರೆ, ರೋಗಿಯೊಡನೆ ಆ ಚೀಟಿಯೂ ವೈದ್ಯರ ಬಳಿಗೆ ಹೋಗಬೇಕಾಗುವುದು.