ಅಯಸ್ಕಾಂತ ನಡೆಸುವ ಔಷಧಿ

ಮಳೆಗಾಲದಲ್ಲಿ ಸಕಲೇಶಪುರದ ಬಳಿ ಹೇಮಾವತಿಯನ್ನು ಕಂಡವರಿಗೆ ಪ್ರವಾಹದ ಬಲ ತಿಳಿದಿದೆ. ತೇಲಿಬಂದ ದಿಮ್ಮಿಯನ್ನು ನಡುಹೊಳೆಯಲ್ಲಿ ತಡೆದು ನಿಲ್ಲಿಸಲಾಗದು. ಆದರೆ ಆಲೂರಿನ ಗದ್ದೆಗಳಲ್ಲಿ ನೀರು ಮೆಲ್ಲನೆ ಸರಿಯುವಾಗ, ಅದು ಹೊತ್ತು ತಂದ ಮಣ್ಣು ತಾನಾಗಿಯೇ ತಳಕ್ಕಿಳಿಯುತ್ತದೆ. ನಮ್ಮ ರಕ್ತನಾಳಗಳಲ್ಲಿಯೂ ಹೀಗೆಯೇ. ಮಹಾಧಮನಿಯಲ್ಲಿ ರಕ್ತವು ಸೆಕೆಂಡಿಗೆ ಹತ್ತಾರು ಸೆಂಟಿಮೀಟರ್ ವೇಗದಲ್ಲಿ ಧಾವಿಸುತ್ತದೆ. ಕೂದಲೆಳೆಗಿಂತ ಸಣ್ಣದಾದ ಲೋಮನಾಳಗಳಲ್ಲಿ ಅದರ ವೇಗ ಸುಮಾರು 1 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ.

ಕ್ಯಾನ್ಸರಿಗೆ ಕೊಡುವ ಪ್ರಬಲ ಔಷಧಿಯು ರಕ್ತದೊಡನೆ ಮೈಯೆಲ್ಲ ಸುತ್ತಿ, ಗಡ್ಡೆಯೊಂದಿಗೆ ಆರೋಗ್ಯವಂತ ಜೀವಕೋಶಗಳನ್ನೂ ಘಾಸಿಗೊಳಿಸುತ್ತದೆ. ವಾಂತಿ, ನಿತ್ರಾಣ, ಕೂದಲುದುರುವಿಕೆ ಇದರ ಫಲ. ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ನ್ಯಾನೊ ಕಣಗಳಿಗೆ ಔಷಧಿಯನ್ನು ಅಂಟಿಸಿ, ಹೊರಗಿನಿಂದ ಅಯಸ್ಕಾಂತ ಹಿಡಿದು, ಗಡ್ಡೆಯಿರುವಲ್ಲಿಯೇ ಅವನ್ನು ನಿಲ್ಲಿಸಬಹುದೇ? ಜರ್ಮನಿಯಲ್ಲಿ ರೋಗಿಗಳ ಮೇಲೆ ನಡೆದ ಇಂತಹ ಆರಂಭಿಕ ಪ್ರಯೋಗದ ವರದಿ 1996ರಲ್ಲಿ ಪ್ರಕಟವಾಯಿತು.

ಇಲ್ಲಿ ಕಂಪ್ಯೂಟರಿನ ಲೆಕ್ಕ ನೆರವಿಗೆ ಬರುತ್ತದೆ. ನಾಳದ ಆಕಾರ, ರಕ್ತದ ವೇಗ ಮತ್ತು ಸಾಂದ್ರತೆ, ಅಯಸ್ಕಾಂತದ ಶಕ್ತಿ ಇವುಗಳನ್ನು ಕೊಟ್ಟರೆ, ಪ್ರತಿಯೊಂದು ಕಣವೂ ಎತ್ತ ಸಾಗೀತೆಂಬುದನ್ನು ಅದು ತೋರಿಸುತ್ತದೆ. ಕಣದ ಅಡ್ಡಳತೆ ಅರ್ಧವಾದರೆ ಅಯಸ್ಕಾಂತದ ಸೆಳೆತ ಎಂಟನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ರಕ್ತದ ತಡೆ ಮಾತ್ರ ಅರ್ಧದಷ್ಟು ಉಳಿಯುತ್ತದೆ. ಕಣ ದೊಡ್ಡದಾದರೆ, ಗುಂಪುಗೂಡಿ ನಾಳವನ್ನೇ ಮುಚ್ಚುವ ಭಯ. ಅಯಸ್ಕಾಂತ ದೂರವಾದಂತೆ ಸೆಳೆತವೂ ಬೇಗನೆ ಕ್ಷೀಣಿಸುವುದರಿಂದ, ಚರ್ಮದ ಸಮೀಪದ ಗಡ್ಡೆಗಿಂತ ಒಳಗಿನ ಗಡ್ಡೆ ಬಹು ಕಠಿಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ತಿರುಪಿನ ಆಕಾರದ ನ್ಯಾನೊ ಕಣಗಳನ್ನು ಕಾಂತಕ್ಷೇತ್ರದಿಂದ ಹಲ್ಲಿನ ಸೂಕ್ಷ್ಮ ನಾಳಗಳೊಳಕ್ಕೆ ನಡೆಸಿ, ಶಾಖದಿಂದ ರೋಗಾಣುಗಳನ್ನು ಕೊಲ್ಲುವ ಕ್ರಮವನ್ನು 2022ರಲ್ಲಿ ತೋರಿಸಿದರು. ಅದು ಕಿತ್ತ ಹಲ್ಲುಗಳ ಮೇಲಿನ ಪ್ರಯೋಗ. ಹರಿಯುವ ರಕ್ತದಲ್ಲಿ ಯಕೃತ್ತು ಮತ್ತು ಗುಲ್ಮ ಇಂತಹ ಕಣಗಳನ್ನು ಹೆಕ್ಕಿ ಹಿಡಿದುಬಿಡುತ್ತವೆ. ಲೆಕ್ಕವು ದಾರಿ ತೋರಬಲ್ಲದು, ದೇಹಕ್ಕೆ ಬದಲಾಗಲಾರದು.

ಆದಕಾರಣ ಸದ್ಭಕ್ತರಲ್ಲಿ ಒಂದು ಅರಿಕೆ. ಈ ವಿದ್ಯೆ ಇನ್ನೂ ಕ್ಯಾನ್ಸರಿನ ಸಾಮಾನ್ಯ ಚಿಕಿತ್ಸೆಯಾಗಿಲ್ಲ. ಇದರ ಹೆಸರು ಹೇಳಿ ಮಾರುವ ಅಯಸ್ಕಾಂತದ ಬಳೆ, ಹಾಸಿಗೆಗಳಿಂದ ಗಡ್ಡೆ ಕರಗದು. ಮೈಯಲ್ಲಿ ಗಂಟು, ವಾಸಿಯಾಗದ ಹುಣ್ಣು, ಕಾರಣವಿಲ್ಲದ ರಕ್ತಸ್ರಾವ ಕಂಡರೆ, ತೋಟದ ಕೆಲಸ ಮುಗಿಯಲೆಂದು ಕಾಯದೆ, ಘಟ್ಟ ಇಳಿಯುವುದು ದೂರವೆಂದು ತಡಮಾಡದೆ, ವೈದ್ಯರಲ್ಲಿಗೆ ಹೋಗಬೇಕು. ಇಷ್ಟಲಿಂಗದ ಪೂಜೆಗೂ ಕಾಯಕಕ್ಕೂ ಆಸರೆಯಾದ ಈ ಕಾಯವನ್ನು ಸಕಾಲದಲ್ಲಿ ಕಾಪಾಡಿಕೊಳ್ಳುವುದೂ ಶರಣರ ಮಾರ್ಗವೇ.