ಹೇಮಂತದ ದುರ್ದಿನ ಮತ್ತು ಹಿತ್ತಲ ಹಕ್ಕಿಗಳು

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆ ಮಳೆ ಕಡಿಮೆಯಾದ ಸೀಮೆ. ಆದರೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ, ಕಾರ್ತಿಕ-ಮಾರ್ಗಶಿರ ಮಾಸಗಳಲ್ಲಿ ಎರಡು ಮೂರು ದಿನ ಸೂರ್ಯದರ್ಶನವಿಲ್ಲದೆ ಜಿಟಿಜಿಟಿ ಮಳೆ ಹಿಡಿಯುವುದುಂಟು. ಕಣದಲ್ಲಿನ ಮೆಕ್ಕೆಜೋಳ ನೆನೆಯದಂತೆ ಮನೆಮಂದಿಯೆಲ್ಲ ತಾಡಪಾಲು ಹಿಡಿದು ಓಡಾಡುವಾಗ ಹಿರಿಯರು ಮೂಲೆ ಸೇರುತ್ತಾರೆ.

ಮೋಡ ಕವಿದ ಇಂತಹ ದಿನವನ್ನು ಶಾಸ್ತ್ರದಲ್ಲಿ ‘ದುರ್ದಿನ’ವೆನ್ನುತ್ತಾರೆ. ತಮಕಶ್ವಾಸವು, ಅಂದರೆ ಉಬ್ಬಸವು, ಮೋಡ, ಮಳೆ, ಶೀತ ಹಾಗೂ ಮೂಡಣ ಗಾಳಿಯಿಂದ ಉಲ್ಬಣಿಸುತ್ತದೆಂದು ಚರಕಸಂಹಿತೆಯ ಚಿಕಿತ್ಸಾಸ್ಥಾನ ಹೇಳುತ್ತದೆ. ಕೊಲ್ಲಿಯ ಚಂಡಮಾರುತ ಈ ನಾಲ್ಕನ್ನೂ ಒಟ್ಟಿಗೇ ಹೊತ್ತು ತರುತ್ತದೆ. ಆದಕಾರಣ ನಾವು ಬಹುಕಾಲ ಉಬ್ಬಸದ ರೋಗಿಗಳಿಗೆ ಬಾಗಿಲು ಕಿಟಕಿ ಭದ್ರಪಡಿಸಿಕೊಂಡು ಒಳಗೇ ಇರಿ ಎಂದಷ್ಟೇ ಹೇಳಿ ಕಳುಹಿಸುತ್ತಿದ್ದೆವು.

ಅದು ಅರ್ಧ ಚಿಕಿತ್ಸೆಯೆಂದು ತಿಳಿದದ್ದು ಕೊಟ್ಟೂರು ಕಡೆಯ ಹಿರಿಯರೊಬ್ಬರಿಂದ. ನಾಲ್ಕು ದಿನ ನಮ್ಮ ಮಾತನ್ನು ಅಕ್ಷರಶಃ ಪಾಲಿಸಿದ್ದರು. ಉಬ್ಬಸ ಇಳಿದಿತ್ತು, ಆದರೆ ಅನ್ನ ಸೇರದು, ನಿದ್ರೆಯಿಲ್ಲ, ಮಾತಿಲ್ಲ. “ಮಾವಾರು ಗ್ವಾಡಿ ನೋಡ್ಕೊಂತ ಕುಂತಿರ್ತಾರ್ರೀ ಡಾಕ್ಟ್ರೇ” ಎಂದರು ಸೊಸೆ. ರೋಗವನ್ನು ಬೆಳೆಸುವ ಕಾರಣಗಳಲ್ಲಿ ವಿಷಾದವೇ ಅಗ್ರಗಣ್ಯವೆಂದು ಅದೇ ಚರಕಸಂಹಿತೆ ಹೇಳಿರುವುದನ್ನು ನಾವು ಮರೆತಿದ್ದೆವು. ಅವರ ಮಂಚವನ್ನು ಹಿತ್ತಲ ಕಿಟಕಿಯ ಕಡೆಗೆ ತಿರುಗಿಸಲು ಹೇಳಿದೆವು. ವಾರದೊಳಗೆ ಹರಟೆಮಲ್ಲಗಳು ಆರೋ ಏಳೋ ಎಂದು ಮೊಮ್ಮಗನೊಡನೆ ವಾದಕ್ಕಿಳಿದಿದ್ದರು, ಊಟವೂ ಸೇರತೊಡಗಿತ್ತು.

ಇದು ಕೇವಲ ನಮ್ಮ ಅನಿಸಿಕೆಯಲ್ಲ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರನ್ನು ಹೋಲಿಸಿ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ತೀವ್ರ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾಗಿದ್ದವು.

ಗಾಜಿನ ಕಿಟಕಿಯಿದ್ದರೆ ಮುಚ್ಚಿಯೇ ನೋಡಬಹುದು. ಕಟ್ಟಿಗೆಯ ಬಾಗಿಲಿನ ಕಿಟಕಿಯಾದರೆ ಮೂಡಣದ್ದನ್ನು ಮುಚ್ಚಿ ಪಡುವಣದ್ದನ್ನು ತೆರೆಯಿರಿ. ಕಿವಿಗೆ ಬಟ್ಟೆ ಕಟ್ಟಿ ಒಂದೆರಡು ಮಾರು ಒಳಗೆ ಕುಳಿತುಕೊಳ್ಳಿ. ಹಕ್ಕಿಗಳೂ ಗಾಳಿಯ ಮರೆ ಹುಡುಕಿ ಆ ಪಕ್ಕಕ್ಕೇ ಬರುತ್ತವೆ. ಗುಬ್ಬಚ್ಚಿ, ಬೆಳವ, ಪಿಕಳಾರಗಳು ಗರಿಯುಬ್ಬಿಸಿ ಚೆಂಡಿನಂತೆ ಕುಳಿತಿರುವುದನ್ನು ಗಮನಿಸಿರಿ. ಗರಿಗಳ ನಡುವೆ ಸೆರೆಯಾದ ಗಾಳಿಯೇ ಅವುಗಳ ಕಂಬಳಿ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಮೈಬಿಸಿ ಆರದಂತೆ ಅದು ಕಾಯುತ್ತದೆ. ಆ ಬಿಸಿಗೆ ಆಹಾರವೇ ಇಂಧನ. ಮಳೆಯಲ್ಲಿ ಹುಳುಗಳು ಹಾರುವುದಿಲ್ಲವಾದ್ದರಿಂದ ಕಾಜಾಣದಂಥವು ಹಸಿದಿರುತ್ತವೆ. ಕಾಳು ತಿನ್ನುವವಕ್ಕೆ ಸೂರಿನ ಕೆಳಗೆ ಒಂದು ಹಿಡಿ ನವಣೆ, ಸಜ್ಜೆ ಅಥವಾ ಜೋಳದ ನುಚ್ಚು ಸಾಕು. ಉಪ್ಪು ಹಾಕಿದ್ದು, ಕರಿದದ್ದು, ಬೂಸ್ಟು ಹಿಡಿದದ್ದು ಬೇಡ. ನೆನೆದು ಉಳಿದುದನ್ನು ಅಂದೇ ತೆಗೆಯಿರಿ.

ಪಾರಿವಾಳಗಳ ವಿಷಯದಲ್ಲಿ ಮಾತ್ರ ನಾವು ನಿಷ್ಠುರರು. ಅವುಗಳ ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶದಲ್ಲಿ ಉರಿಯೂತವನ್ನುಂಟುಮಾಡುತ್ತದೆ. ಉಬ್ಬಸದವರಿರುವ ಮನೆಯ ಅಟ್ಟದಲ್ಲಿ ಗೂಡು ಕಟ್ಟಲು ಬಿಡಬಾರದು. ಹಿಕ್ಕೆಯನ್ನು ನೀರು ಚಿಮುಕಿಸಿ, ಬಾಯಿ ಮೂಗಿಗೆ ಮಾಸ್ಕ್ ಹಾಕಿ ಬೇರೆಯವರು ತೆಗೆಯಲಿ.

ಇನ್ನೊಂದು ಮಾತು. ಇನ್‌ಹೇಲರ್ ಬಳಸುವವರು ಹಕ್ಕಿಯನ್ನಾಗಲಿ ನಮ್ಮ ಕಷಾಯವನ್ನಾಗಲಿ ನಂಬಿ ಅದನ್ನು ನಿಲ್ಲಿಸಕೂಡದು. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರಿದ್ದರೆ, ತುಟಿ ನೀಲಿಯಾದರೆ, ಮಳೆ ನಿಲ್ಲಲಿ ಎಂದು ಕಾಯದೆ ತಾಲೂಕು ಆಸ್ಪತ್ರೆಗೆ ಹೊರಡಿ.

ಮೋಡ ಚದುರಿ ಬಿಸಿಲು ಬಿದ್ದ ಮೇಲೆ, ನಡೆಯಬಲ್ಲವರು ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಗೆ ಹೋಗಿಬರಬಹುದು. ಸುಮಾರು 244 ಎಕರೆಯ ಈ ಹಳೆಯ ಕೆರೆ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಬೆಳಿಗ್ಗೆ ಒಂಬತ್ತರ ಮೊದಲು ಕೆರೆಯ ಗಾಳಿ ಬಹಳ ತಣ್ಣಗಿರುತ್ತದೆ. ಹಿರಿಯರು ಅದರ ನಂತರವೇ ಹೋಗುವುದು ಲೇಸು.